ಹಳದಿಯ ಸುತ್ತಲಿನ ಕತ್ತಲೆ

ಲೀಮ್‌ಬೇಕ್, 11 ಸೆಪ್ಟೆಂಬರ್ 1983

ಲುಟ್‌ಗಾರ್ಡ,

ನನ್ನ ಅಕ್ಷರ ಕಂಡ ಕೂಡಲೇ ಹರಿಯಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಹರಿ. ಒಂಬತ್ತು ವರ್ಷ ಒಂದು ಸಾಲೂ ಬರೆಯದ ಅಣ್ಣ ಈಗ ಬರೆಯುತ್ತಿದ್ದಾನೆಂದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೀಯ. ಹೌದು, ಕೆಲಸವಿದೆ.

ಸಿಡೋನಿಯ ಬಿಯರ್ ಅಂಗಡಿಯ ಹಿಂದೆ ನಾವು ಚಳಿಗಾಲದಲ್ಲಿ ಬಾಣ ಹೊಡೆಯುತ್ತಿದ್ದ ಉದ್ದನೆಯ ಕೊಠಡಿ ರಸ್ತೆ ಅಗಲಿಸುವವರ ಪಾಲಾಯಿತು. ನಮ್ಮ ಬಿಲ್ಲುಕೂಟಕ್ಕೆ ಈಗ ಪಕ್ಕದ ಮುಚ್ಚಿದ ಹಾಲಿನ ಡೇರಿ ಸಿಕ್ಕಿದೆ. ಹದಿನೆಂಟು ಮೀಟರ್ ಉದ್ದಕ್ಕೆ ಏನೂ ತೊಂದರೆಯಿಲ್ಲ. ಆದರೆ ಗೋಡೆಯ ತುಂಬ ಹೊಳೆಯುವ ಬಿಳಿ ಟೈಲು, ಮೇಲೆ ಒಂದೇ ಸಾಲಿನಲ್ಲಿ ಟ್ಯೂಬ್‌ಲೈಟು. ನಿಂತು ಬಿಲ್ಲು ಎಳೆದರೆ ಕಸಾಯಿಖಾನೆಯಲ್ಲಿ ನಿಂತ ಹಾಗಾಗುತ್ತದೆ. ನೀನು ಗೆಂಟ್‌ನಲ್ಲಿ ನಾಟಕದವರಿಗೆ ದೀಪ ಹಾಕಿ ಹೆಸರು ಮಾಡಿದ್ದೀಯ ಎಂದು ಕೇಳಿದ್ದೇನೆ. ಎಲ್ಲಿ, ಎಷ್ಟು, ಯಾವ ದೀಪ ಎಂದು ಬರೆದು ಕಳಿಸು. ಮರದ ಕೆಲಸ ಹೇಗೂ ನನ್ನದೇ.

ಅವಸರಕ್ಕೆ ಕಾರಣವಿದೆ. ಹಬ್ಬದ ಪಂದ್ಯ ಗೆದ್ದು ಎರಡು ವರ್ಷದಿಂದ ಕೂಟದ ರಾಜ ನಾನೇ. ಬರುವ ಜನವರಿಯಲ್ಲಿ, ಸೇಂಟ್ ಸೆಬಾಸ್ಟಿಯನ್ನನ ಹಬ್ಬದ ಭಾನುವಾರ, ಮೂರನೆಯ ಸಲ ಗೆದ್ದರೆ ಚಕ್ರವರ್ತಿ. ಲೀಮ್‌ಬೇಕ್ ಚಕ್ರವರ್ತಿಯನ್ನು ಕೊನೆಯ ಸಲ ಕಂಡದ್ದು 1911ರಲ್ಲಿ.

ಇನ್ನೊಂದು ಮಾತು. ನೀನು ಕೂಟಕ್ಕೆ ಸೇರಲು ಹೆಸರು ಕೊಟ್ಟಾಗ ಮತದ ಡಬ್ಬಿಯಲ್ಲಿ ಬಿಳಿ ಕಾಳುಗಳ ನಡುವೆ ಬಿದ್ದಿದ್ದ ಒಂದೇ ಒಂದು ಕರಿ ಕಾಳು ನನ್ನದು. ಒಂದು ಬಿದ್ದರೆ ಬಾಗಿಲು ಮುಚ್ಚಿತು ಎಂದೇ ಲೆಕ್ಕ. ನೀನು ಹೆಂಗಸು ಎಂದಲ್ಲ. ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದೆ, ಅದಕ್ಕೆ. ಇಷ್ಟು ಬರೆಯಲು ಒಂಬತ್ತು ವರ್ಷ ಹಿಡಿಯಿತು. ಇನ್ನು ಅದನ್ನು ಕೆದಕಬೇಡ.

ನಿನ್ನ ಅಣ್ಣ,
ಗೊಮ್ಮಾರ್


ಗೆಂಟ್, 19 ಸೆಪ್ಟೆಂಬರ್ 1983

ಗೊಮ್ಮಾರ್,

ಹರಿಯಲಿಲ್ಲ. ಕಾಳು ಯಾರದೆಂದು ಅವತ್ತೇ ಗೊತ್ತಿತ್ತು. ಡಬ್ಬಿ ತೆರೆದಾಗ ಎಲ್ಲರೂ ನನ್ನ ಮುಖ ನೋಡಿದರು, ನೀನೊಬ್ಬ ಚಾವಣಿ ನೋಡಿದೆ. ಕೆದಕುವುದಿಲ್ಲ. ಆದರೆ ನನ್ನ ಹೆಸರು ವಾಪಸು ಬಂದ ಬಾಗಿಲನ್ನು ನಾನಾಗಿ ದಾಟುವುದೂ ಇಲ್ಲ. ಏನಿದ್ದರೂ ಕಾಗದದಲ್ಲೇ.

ಮೊದಲು ಟೈಲನ್ನು ಮುಚ್ಚು. ಗೋಣಿ ಬಟ್ಟೆಗೆ ಮಾಸಲು ಹಸಿರು ಬಣ್ಣ ಹಾಕಿಸಿ ಎರಡೂ ಗೋಡೆಗೆ ಇಳಿಬಿಡು. ಗುರಿಹಲಗೆಯ ನೆತ್ತಿಯ ಮೇಲೆ ದೀಪ ಬೇಡವೇ ಬೇಡ, ಚುಚ್ಚಿಕೊಂಡ ಬಾಣಗಳ ನೆರಳು ಉದ್ದಕ್ಕೆ ಇಳಿದು ನಟ್ಟನಡುವಿನ ಹಳದಿಯನ್ನು ಸೀಳುತ್ತದೆ. ಹಲಗೆಗಿಂತ ಮೂರು ಮೀಟರ್ ಈಚೆಗೆ, ಎಡಕ್ಕೊಂದು ಬಲಕ್ಕೊಂದು ಸಮನಾಗಿ ಕಟ್ಟಿ ಓರೆಯಾಗಿ ತಿರುಗಿಸು. ಒಂದರ ನೆರಳನ್ನು ಇನ್ನೊಂದು ತಿನ್ನಲಿ. ಒಂದೇ ಕಡೆಯಿಂದ ಬೆಳಕು ಬಿದ್ದರೆ ಕಣ್ಣು ಆ ಕಡೆಗೆ ಜಾರುತ್ತದೆ, ಕಣ್ಣಿನ ಹಿಂದೆ ಬಾಣವೂ. ದೀಪದ ಮುಂದೆ ಒಂದು ಮರದ ತೊಲೆ ಇರಲಿ. ಹೊಡೆಯುವವನಿಗೆ ಬೆಳಕು ಕಾಣಬೇಕು, ದೀಪ ಕಾಣಬಾರದು. ದಾರಿ ತಪ್ಪಿದ ಬಾಣವೂ ತೊಲೆಗೇ ತಗಲುತ್ತದೆ.

ಹಲಗೆಯೊಂದನ್ನೇ ಬೆಳಗಿಸಿ ಉಳಿದದ್ದನ್ನು ಕತ್ತಲೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡ. ಕಣ್ಣು ಆ ಕತ್ತಲೆಗೂ ಈ ಬೆಳಕಿಗೂ ಓಡಾಡಿ ಸುಸ್ತಾಗುತ್ತದೆ. ನಡುವಿನ ದಾರಿಗೆ ಮೆತ್ತನೆ ಬೆಳಕು, ನಿಲ್ಲುವ ಗೆರೆಯ ಹತ್ತಿರ ಇನ್ನಷ್ಟು ಮೆತ್ತಗೆ. ಟ್ಯೂಬುಗಳನ್ನು ಬೇರೆಬೇರೆ ವಿದ್ಯುತ್ ತಂತಿಗೆ ಹಂಚು, ಒಂದರ ಮಿಣುಕನ್ನು ಇನ್ನೊಂದು ಮುಚ್ಚುತ್ತದೆ. ನಕ್ಷೆ ಜೊತೆಗಿದೆ.

ಲುಟ್‌ಗಾರ್ಡ


ಲೀಮ್‌ಬೇಕ್, 9 ಅಕ್ಟೋಬರ್ 1983

ತಂಗಿ ಲುಟ್‌ಗಾರ್ಡ,

ನೀನು ಬರೆದ ಹಾಗೇ ಮಾಡಿದೆ, ಒಂದು ಮೊಳೆ ಹೆಚ್ಚಿಲ್ಲ, ಒಂದು ಮೊಳೆ ಕಡಿಮೆಯಿಲ್ಲ. ಮೊದಲ ಭಾನುವಾರ ಎಲ್ಲರೂ ಬಾಯಿ ಮುಚ್ಚಿ ನಿಂತರು. ನಮ್ಮ ಕೂಟದವರು ಬಾಯಿ ಮುಚ್ಚುವುದು ಹೆಣದ ಮನೆಯಲ್ಲಿ ಮಾತ್ರ, ನಿನಗೇ ಗೊತ್ತು. ಮುದುಕ ಒಡಿಲಾನ್ "ಇಪ್ಪತ್ತು ವರ್ಷ ಆದ್ಮೇಲೆ ನನ್ ಬಾಣ ಎಲ್ಲಿ ಹೋಯ್ತು ಅಂತ ನನಗೇ ಕಾಣ್ತಾ ಇದೆ ಕಣ್ರೋ" ಎಂದ.

ನನಗೆ ಮಾತ್ರ ಒಂದೆರಡು ಕೊರತೆ ಕಾಣುತ್ತಿದೆ. ಸಂಜೆಯ ಹೊತ್ತಿಗೆ ದೀಪದ ಸುತ್ತ ಬಣ್ಣದ ಬಳೆ ಏಳುತ್ತದೆ, ಮಳೆಬಿಲ್ಲಿನ ಥರ. ಬಾಣ ಕೀಳಲು ಹೋಗುವಾಗ ಎಡಪಕ್ಕ ಕತ್ತಲೆ. ಹೋದ ವಾರ ಬೆಂಚಿಗೆ ಮೊಣಕಾಲು ಹೊಡೆದುಕೊಂಡೆ. ಒಡಿಲಾನನಿಗೆ ಹೇಳಿದರೆ "ಕುಣಿಯೋಕೆ ಬರ್ದೆ ಇರೋಳು ಅಂಗಳ ಡೊಂಕು ಅಂದ್ಳಂತೆ, ರಾಜರೇ" ಎಂದು ಹಲ್ಲು ಕಿಸಿದ. ಅವನಿಗೇನು ಗೊತ್ತು ದೀಪದ ವಿಷಯ. ನೀನು ಹೇಳು.

ಹಲಗೆ ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ. ಹಳದಿ ಚಿನ್ನದ ಹಾಗಿದೆ.

ಗೊಮ್ಮಾರ್


ಗೆಂಟ್, 14 ಅಕ್ಟೋಬರ್ 1983

ಪ್ರೀತಿಯ ಗೊಮ್ಮಾರ್,

ಹಳೆಯ ಡೇರಿಯ ಗೋಡೆ ತೇವ ಕಾರುತ್ತದೆ. ಗಾಜಿನ ಮೇಲೆ ಹಬೆ ಕೂತರೆ ಬಳೆ ಕಾಣುವುದುಂಟು. ಒಣಬಟ್ಟೆಯಲ್ಲಿ ಒರೆಸಿ ನೋಡು. ಎಡಕ್ಕೆ ಗೋಡೆಗುಂಟ ಒಂದು ಸಣ್ಣ ದೀಪವನ್ನು ನೆಲದತ್ತ ತಿರುಗಿಸಿ ಹಾಕು. ಬೆಂಚನ್ನು ಅಲ್ಲಿಂದ ತೆಗೆಸು. ಮೊಣಕಾಲು ಹೇಗಿದೆ?

ಲುಟ್‌ಗಾರ್ಡ


ಲೀಮ್‌ಬೇಕ್, 30 ಅಕ್ಟೋಬರ್ 1983

ಪ್ರೀತಿಯ ಲುಟ್,

ಬಿಯರ್ ಅಂಗಡಿಯ ಸಿಡೋನಿ ನಿನಗೆ ಕಾಗದ ಬರೆದಳು ಎಂದರೆ ಊರಿನಲ್ಲಿ ಯಾರೂ ನಂಬಲಾರರು. ಬಾಯಲ್ಲಿ ಹೇಳಿ ಮುಗಿಯದ ವಿಷಯವೇ ನನ್ನಲ್ಲಿ ಇರುವುದಿಲ್ಲ. ಆದರೆ ಇದನ್ನು ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ.

ನಿನ್ನ ಅಣ್ಣ ನನ್ನ ಎದುರಿಗೇ ಕೂತು ಬಿಯರನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದ. ಎಡಗಡೆಯಿಂದ ಹೋಗಿ ಮಾತಾಡಿಸಿದರೆ ಬೆಚ್ಚಿಬೀಳುತ್ತಾನೆ. ಮೊನ್ನೆ ಪಾದ್ರಿಯವರು ಕೈ ಚಾಚಿ ನಿಂತೇ ಇದ್ದರು, ಇವನು ನೋಡದೆ ಮುಂದೆ ಹೋದ. ಅಹಂಕಾರ ಬಂತು ಎಂದು ಜನ ಆಡಿಕೊಳ್ಳುತ್ತಿದ್ದಾರೆ. ನಾನು "ಕಣ್ಣು ತೋರಿಸ್ಕೊಳೋ ಗೊಮ್ಮಾರ್" ಎಂದರೆ, "ದೀಪ ಸರಿ ಇಲ್ಲ ಕಣೇ. ಲುಟ್ ನೋಡ್ಕೋತಾಳೆ" ಎನ್ನುತ್ತಾನೆ. ಏನು ಕೇಳಿದರೂ ಲುಟ್ ನೋಡ್ಕೋತಾಳೆ, ಲುಟ್ ನೋಡ್ಕೋತಾಳೆ. ನಿನ್ನ ಕಾಗದಗಳನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ.

ಹೊಡೆತ ಮಾತ್ರ ತಪ್ಪುತ್ತಿಲ್ಲ. ಹೋದ ಭಾನುವಾರ ಹತ್ತಕ್ಕೆ ಒಂಬತ್ತು ಹಳದಿಗೆ. ಕಣ್ಣು ಕೆಟ್ಟವನಿಗೆ ಅದು ಹೇಗೆ ಸಾಧ್ಯ ಎಂದು ನನಗೇ ಅನುಮಾನ. ನೀನು ಬೆಳಕಿನ ಕೆಲಸದವಳು, ನಿನಗೆ ತಿಳಿಯಬೇಕು. ಬೇಗ ಬರೆ.

ನಿನ್ನ ಬಾಲ್ಯದ ಗೆಳತಿ,
ಸಿಡೋನಿ


ಗೆಂಟ್, 4 ನವೆಂಬರ್ 1983

ಸಿಡೋನಿ,

ನಿನ್ನ ಕಾಗದ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಬಳೆಯ ವಿಷಯ ಓದಿದ ದಿನವೇ. ನಮ್ಮ ನಾಟಕಶಾಲೆಯಲ್ಲಿ ಫರ್ಮಿನ್ ಎಂಬ ದೀಪದವನಿದ್ದ, ನನಗೆ ಕೆಲಸ ಕಲಿಸಿದವನು. ಅವನಿಗೂ ಹೀಗೇ ಶುರುವಾಯಿತು. ದೀಪದ ಸುತ್ತ ಬಳೆ, ಆಮೇಲೆ ಪಕ್ಕದ ಕತ್ತಲೆ. ಕಣ್ಣಿನ ಒಳಗೆ ಒತ್ತಡ ಏರಿ, ಕಾಣುವುದು ಅಂಚಿನಿಂದ ಒಳಕ್ಕೆ ತಿನ್ನಿಸಿಕೊಂಡು ಬರುತ್ತದೆ. ನಡುವೆ ಕಾಣುವುದು ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಗೊಮ್ಮಾರ್ ಹಳದಿಗೆ ಹೊಡೆಯುತ್ತಿರುವುದು ಅದಕ್ಕೇ. ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಔಷಧದ ಹನಿ ಹಾಕಿ ಉಳಿಸಿಕೊಳ್ಳಬಹುದು.

ಹಾಗಾದರೆ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಹೇಳಿದರೆ ಅವನ ಕಿವಿಗೆ ಬೀಳುವುದು ಒಂದೇ ಮಾತು: ಬಿಲ್ಲು ಕೆಳಗಿಡು. ಒಂಬತ್ತು ವರ್ಷದ ಹಿಂದೆ ಅವನು ನನಗೆ ಹೇಳಿದ್ದೂ ಅದನ್ನೇ. ಚಕ್ರವರ್ತಿಯಾಗುವ ವರ್ಷವೇ ನೋಡಿಕೊಂಡು ಸೇಡು ತೀರಿಸಿದಳು ಎಂದುಕೊಳ್ಳುತ್ತಾನೆ, ಕಾಗದ ನಿಂತುಹೋಗುತ್ತದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ ಸಿಡೋನಿ: ಅಂಚೆಯವನು ಬರುವ ಹೊತ್ತಿಗೆ ನಾನು ಕೆಳಗಿಳಿದು ಮೆಟ್ಟಿಲ ಮೇಲೆ ಕಾಯುತ್ತೇನೆ, ಐವತ್ತು ವರ್ಷದ ಹೆಂಗಸು.

ಫರ್ಮಿನ್‌ಗೆ ಪೂರ್ತಿ ಮಸುಕಾಗಲು ಏಳು ವರ್ಷ ಹಿಡಿಯಿತು. ಇನ್ನು ಎರಡೂವರೆ ತಿಂಗಳಿಗೆ ಏನೂ ಆಗುವುದಿಲ್ಲ. ಜನವರಿಯ ಪಂದ್ಯ ಮುಗಿಯಲಿ, ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ. ಬೇಡಿಕೊಳ್ಳುತ್ತೇನೆ.

ಲುಟ್


ಲೀಮ್‌ಬೇಕ್, 27 ನವೆಂಬರ್ 1983

ನನ್ನ ತಂಗಿ ಲುಟ್,

ಅಕ್ಷರ ದಪ್ಪವಾಗಿದೆ ಎಂದು ನಗಬೇಡ, ಹೊಸ ಪೆನ್ನು. ನೆಲದ ದೀಪ ಹಾಕಿಸಿದೆ. ಆಮೇಲೆ ಬಲಕ್ಕೂ ಒಂದು ಹಾಕಿಸಿದೆ. ಆದರೂ ಪಕ್ಕಗಳು ಹಿಡಿತಕ್ಕೆ ಬರುತ್ತಿಲ್ಲ. ಇನ್ನೂ ಬೆಳಕು ಬೇಕು, ಹೇಗೆ ಮಾಡಲಿ? ಕೂಟದವರು "ರಾಜರೇ, ಇಷ್ಟು ದೀಪ ಹಾಕಿದ್ರೆ ಬಾಣಕ್ಕೆ ಮೊಳಕೆ ಬರುತ್ತೆ" ಎಂದು ಗೇಲಿ ಮಾಡುತ್ತಾರೆ.

ಒಂದು ವಿಚಿತ್ರ ಹೇಳಲೇ? ಈಗ ಬಿಲ್ಲು ಎಳೆದು ನಿಂತಾಗ ಹಳದಿಯೊಂದನ್ನು ಬಿಟ್ಟು ಲೋಕದಲ್ಲಿ ಮತ್ತೇನೂ ಇರುವುದಿಲ್ಲ. ಒಡಿಲಾನನ ಕೆಮ್ಮಿಲ್ಲ, ಗೋಡೆಯಿಲ್ಲ, ಪಕ್ಕದವನ ಮೊಣಕೈಯಿಲ್ಲ. ಅಪ್ಪ ನಮಗೆ ಹಿತ್ತಲಲ್ಲಿ ಕಲಿಸುವಾಗ "ಬೇರೆ ಏನೂ ಕಾಣಬಾರ್ದು ಮಕ್ಳೇ" ಎನ್ನುತ್ತಿದ್ದರಲ್ಲ. ನಿನಗೆ ಎಂಟು ವರ್ಷಕ್ಕೇ ಅದು ಬಂತು. ನನಗೆ ಐವತ್ತೇಳಕ್ಕೆ ಬಂದಿದೆ.

ಭಾನುವಾರ ಪೂಜೆ ಮುಗಿಸಿ ಬಂದು ನಿನಗೆ ಬರೆಯಲು ಕೂರುವುದು ರೂಢಿಯಾಗಿಬಿಟ್ಟಿದೆ. ದೀಪದ ವಿಷಯ ಮುಗಿದರೆ ಏನು ಬರೆಯುವುದೋ ಎಂದು ಚಿಂತೆ. ಮುಗಿಯದಿರಲಿ.

ನಿನ್ನ ಗೊಮ್ಮಾರ್


ಗೆಂಟ್, 3 ಡಿಸೆಂಬರ್ 1983

ಪ್ರೀತಿಯ ಅಣ್ಣ,

ದಾರಿಯ ಎರಡೂ ಅಂಚಿಗೆ ಬಿಳಿಯ ಪಟ್ಟಿ ಬಳಿಸು, ನಡೆಯುವಾಗ ಆಧಾರವಾಗುತ್ತದೆ. ಮೇಲಿನ ದೀಪಗಳಿಗೆ ಹಾಲುಗಾಜಿನ ಮುಚ್ಚಳ ಹಾಕಿದರೆ ಬೆಳಕು ಪಕ್ಕಕ್ಕೂ ಹರಡುತ್ತದೆ. ಅಳತೆ ಹಿಂದಿನ ಪುಟದಲ್ಲಿದೆ. ಮುಚ್ಚಳಗಳನ್ನು ನಾನೇ ಕಳಿಸುತ್ತೇನೆ, ನಮ್ಮಲ್ಲಿ ಹಳೆಯವು ಬಿದ್ದಿವೆ.

ಈ ಹಾಳೆ ಕೆಳಗೆ ಹರಿದಿದೆ, ನೋಡಿರುತ್ತೀಯ. ಏನೋ ಬರೆದಿದ್ದೆ. ಸರಿ ಬರಲಿಲ್ಲ, ಕತ್ತರಿಸಿದೆ. ಕ್ರಿಸ್‌ಮಸ್ಸಿಗೆ ನಿನಗೊಂದು ಉಣ್ಣೆಯ ಅಂಗಿ ಹೆಣೆಯುತ್ತಿದ್ದೇನೆ. ತೋಳಿನ ಉದ್ದ ಎಷ್ಟು?

ನಿನ್ನ ಲುಟ್


ಲೀಮ್‌ಬೇಕ್, 23 ಜನವರಿ 1984

ಲುಟ್,

ಚಕ್ರವರ್ತಿ ಗೊಮ್ಮಾರ್ ಬರೆಯುತ್ತಿದ್ದಾನೆ. ಕೊನೆಯ ಮೂರು ಬಾಣಕ್ಕೆ ಒಡಿಲಾನನ ಮಗನೂ ನಾನೂ ಸಮ ಸಮ ಇದ್ದೆವು. ಅವನ ಎರಡನೆಯದು ಹಳದಿಯ ಹೊರಗಿನ ಕೆಂಪಿಗೆ ಹೋಯಿತು. ನನ್ನ ಮೂರೂ ಹಳದಿ. ಬೆಳ್ಳಿಯ ಹಾರ ಹಾಕುವಾಗ ಕುತ್ತಿಗೆ ಬಗ್ಗಿತು, ಅಷ್ಟು ಭಾರ. ಮೊಲದ ಮಾಂಸ, ಒಣದ್ರಾಕ್ಷಿ, ಬಿಯರ್ ಎಲ್ಲ ಸಿಡೋನಿಯ ಕಡೆಯಿಂದ. ಎಲ್ಲರೂ ಕುಣಿದರು. ಅವಳು ಮಾತ್ರ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಖುಷಿಗೆ ಇರಬೇಕು.

ನಾನು ಎದ್ದು ನಿಂತು ಎಲ್ಲರೆದುರು ಹೇಳಿದೆ: "ಈ ಬಾಣ ನಂದಲ್ಲ ಕಣ್ರಪ್ಪಾ, ನನ್ ತಂಗಿ ಹಾಕಿದ ಬೆಳಕಿಂದು." ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಇರಬೇಕಿತ್ತು. ನಾನು ಕರೆಯಬೇಕಿತ್ತು, ಕರೆಯಲಿಲ್ಲ. ಕರೆದರೆ ಬರುತ್ತಿರಲಿಲ್ಲವೇನೋ ಎಂಬ ಭಯ.

ನಿನ್ನೆಯಿಂದ ಹುಬ್ಬಿನ ಮೇಲೆ ಸಿಡಿತ. ಬಿಯರಿನ ಕೈವಾಡ. ಅಂಗಿ ತೊಟ್ಟೇ ಬರೆಯುತ್ತಿದ್ದೇನೆ, ತೋಳು ಸರಿಯಾಗಿದೆ.

ಗೊಮ್ಮಾರ್


ಗೆಂಟ್, 25 ಜನವರಿ 1984

ಅಣ್ಣ,

ಇದು ದೀಪದ ಕಾಗದವಲ್ಲ. ಓದಿದ ಕೂಡಲೇ ಕೋಟು ಹಾಕಿಕೊಂಡು ಪಟ್ಟಣದ ಕಣ್ಣಿನ ವೈದ್ಯರ ಬಳಿ ಹೋಗು, ನಾಳೆ ಎನ್ನಬೇಡ. ಡೇರಿಯಲ್ಲಿ ದೀಪ ಕಡಿಮೆ ಇಲ್ಲ. ಕಡಿಮೆಯಾಗುತ್ತಿರುವುದು ನಿನ್ನ ಕಣ್ಣು. ಬಳೆ, ಪಕ್ಕದ ಕತ್ತಲೆ, ಈಗ ಈ ಸಿಡಿತ, ಎಲ್ಲ ಒಂದೇ ರೋಗ. ಅಕ್ಟೋಬರಿನಿಂದಲೇ ನನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಎದುರು ಬಂದು ಹೇಳುತ್ತೇನೆ. ಮೊದಲು ಹೋಗು.

ಲುಟ್


ಲೀಮ್‌ಬೇಕ್, 2 ಫೆಬ್ರವರಿ 1984

ಲುಟ್,

ನಿನ್ನ ಕಾಗದ ಶುಕ್ರವಾರ ಬಂತು. ಗುರುವಾರ ಮಧ್ಯಾಹ್ನವೇ ಅವನು ಮರಗೆಲಸದ ಮೇಜಿನ ಪಕ್ಕದಲ್ಲಿ ತಲೆ ಹಿಡಿದುಕೊಂಡು ಬಿದ್ದಿದ್ದ. ವಾಂತಿ, ನೋವು, ಎಡಗಣ್ಣು ಕೆಂಡದ ಹಾಗೆ. ದೊಡ್ಡಾಸ್ಪತ್ರೆಗೆ ಒಯ್ದರು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಉಳಿದಿದೆ. ಅದೂ ನಿಲ್ಲುವ ಭರವಸೆ ಇಲ್ಲ. "ಅಕ್ಟೋಬರಲ್ಲೇ ಕರ್ಕೊಂಡು ಬಂದಿದ್ರೆ ದಿನಕ್ಕೆ ಎರಡು ಹನಿ ಔಷಧದಲ್ಲಿ ಹಿಡಿದು ನಿಲ್ಲಿಸ್ತಿದ್ದೆ" ಎಂದರು ವೈದ್ಯರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಕಾಗದ ಓದಿ ಹೇಳು ಎಂದ. ಓದಿದೆ. ಅಕ್ಟೋಬರಿನಿಂದ ಗೊತ್ತಿತ್ತು ಎಂಬಲ್ಲಿಗೆ ಬಂದಾಗ "ಇನ್ನೊಂದ್ಸಲ ಓದು" ಎಂದ. ಓದಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ನನಗೂ ಗೊತ್ತಿತ್ತು ಎಂದು ನಾನೇ ಬಾಯಿ ಬಿಟ್ಟು ಹೇಳಿದೆ. ಅವತ್ತು ನಿನ್ನ ಮಾತು ಕೇಳಿ ಸುಮ್ಮನಿದ್ದೆನಲ್ಲ, ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಜೀವನದಲ್ಲಿ ಮಾಡಿಲ್ಲ. ಈಗಲೇ ಬರಬೇಡ. ನಿನ್ನ ಹೆಸರು ಎತ್ತಿದರೆ ಕೈ ಬೀಸಿ ಸಾಕು ಎನ್ನುತ್ತಾನೆ.

ಸಿಡೋನಿ


ಗೆಂಟ್, 10 ಫೆಬ್ರವರಿ 1984

ಅಣ್ಣ,

ಸಿಡೋನಿ ಇದನ್ನು ಓದಿ ಹೇಳುತ್ತಾಳೆ. ಕೇಳಲು ಇಷ್ಟವಿಲ್ಲದಿದ್ದರೆ ಅವಳನ್ನು ತಡೆ.

ಜನವರಿವರೆಗೆ ಕಾದದ್ದು ನೀನು ಚಕ್ರವರ್ತಿಯಾಗಲಿ ಎಂದು, ಹೀಗೆ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ನಿನ್ನ ಕಾಗದ ಬೇಕಿತ್ತು ನನಗೆ. ಕಣ್ಣಿನ ವಿಷಯ ಬರೆದರೆ ದೀಪದ ವಿಷಯ ಮುಗಿಯುತ್ತಿತ್ತು. ಅದಕ್ಕೇ ಇನ್ನೊಂದು ದೀಪ, ಇನ್ನೊಂದು ಮುಚ್ಚಳ, ಬಿಳಿ ಪಟ್ಟಿ ಎಂದು ಬರೆಯುತ್ತಾ ಹೋದೆ. ಆ ಪಟ್ಟಿ ಕಣ್ಣಿಲ್ಲದವರಿಗೆ ದಾರಿ ತೋರಲು ಬಳಿಯುವಂಥದ್ದು, ಅದು ಗೊತ್ತಿದ್ದೇ ಬರೆದೆ. ರೈಲಿನಲ್ಲಿ ಎರಡು ಗಂಟೆಯ ದಾರಿ. ಒಂದು ಸಲ ಬಂದಿದ್ದರೆ ಬಾಗಿಲಲ್ಲಿ ನಿಂತೇ ಎಲ್ಲ ಕಾಣುತ್ತಿತ್ತು, ಕೈಹಿಡಿದು ವೈದ್ಯರ ಬಳಿ ಎಳೆದೊಯ್ಯುತ್ತಿದ್ದೆ. ಬಾಗಿಲು ದಾಟುವುದಿಲ್ಲ ಎಂಬ ಹಟ ಅಡ್ಡ ಬಂತು. ನಿನ್ನ ಕಣ್ಣಿಗಿಂತ ನನ್ನ ಹಟ ನನಗೆ ದೊಡ್ಡದಾಯಿತು.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ಆದರೂ ಬರೆಯುತ್ತೇನೆ. ಕ್ಷಮಿಸು.

ಲುಟ್


ಲೀಮ್‌ಬೇಕ್, 4 ಮಾರ್ಚ್ 1984

ಲುಟ್,

ಇದನ್ನ ಸಿಡೋನಿ ಕೈಲಿ ಬರೆಸ್ತಾ ಇದೀನಿ. ನಾನು ಹೇಳಿದ ಹಾಗೇ ಬರೀಬೇಕು, ನಯ ಮಾಡ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದೀನಿ. ಅವಳು ಈಗಾಗ್ಲೇ ಮೂಗು ಒರೆಸ್ಕೋತಾ ಇದಾಳೆ.

ಮೂರು ವಾರ ನಿನ್ನ ಕಾಗದಕ್ಕೆ ಉತ್ತರ ಕೊಡ್ದೆ ಕೂತಿದ್ದೆ. ಸಿಟ್ಟು ಬಂತು, ಈಗ್ಲೂ ಇದೆ. ಯಾರೋ ಬೇರೆಯವರು ದೀಪ ಅಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ. ನೀನು ದೀಪ ಅಂದೆ, ನಾನು ಏಣಿ ಹತ್ತಿದೆ. ನೀನು ಮುಚ್ಚಳ ಅಂದೆ, ಮತ್ತೆ ಏಣಿ ಹತ್ತಿದೆ. ಅಷ್ಟು ನಂಬಿದ್ದೆ. ನಂಗೂ ಒಳಗೊಳಗೆ ಗೊತ್ತಿತ್ತು ಅಂತ ನಿನ್ನ ಸಮಾಧಾನಕ್ಕೆ ಹೇಳು ಅಂತ ಸಿಡೋನಿ ಹೇಳ್ಕೊಟ್ಳು. ಇಲ್ಲ, ನಂಗೆ ಗೊತ್ತಿರ್ಲಿಲ್ಲ. ನಾನು ನಿಜವಾಗ್ಲೂ ದೀಪ ಅಂತ್ಲೇ ಅಂದ್ಕೊಂಡಿದ್ದೆ.

ಹಾರ ಬಿಚ್ಚಿ ಕೂಟಕ್ಕೆ ಕೊಟ್ಟೆ. ಬೇಡ, ಚಕ್ರವರ್ತಿ ಸಾಯೋವರ್ಗೂ ಚಕ್ರವರ್ತಿ ಅಂತ ವಾಪಸು ಕಳಿಸಿದ್ರು. ಪೆಟ್ಟಿಗೆಯಲ್ಲಿದೆ. ಆ ಮೂರು ಬಾಣ ಬೇಡವಾಗಿತ್ತು ಅಂತ ಹೇಳಲ್ಲ, ಸುಳ್ಳಾಗುತ್ತೆ. ಆದ್ರೆ ಯಾರಾದ್ರೂ ಅಕ್ಟೋಬರಲ್ಲಿ ನನ್ನೇ ಕೇಳಿದ್ರೆ, ಹಾರ ಬೇಕಾ ಕಣ್ಣು ಬೇಕಾ ಅಂತ, ನಾನು ಕಣ್ಣು ಅಂತಿದ್ದೆ. ಕೇಳ್ಬೇಕಾಗಿದ್ದು ನೀನು. ನೀನು ಕೇಳ್ಲಿಲ್ಲ.

ಕ್ಷಮಿಸು ಅಂದಿದೀಯ. ಅದು ನಂಗಿನ್ನೂ ಬಂದಿಲ್ಲ. ಬರ್ಬೋದು. ಒಂಬತ್ತು ವರ್ಷ ಸುಮ್ನಿದ್ದೋನು ನಾನು, ನಿಧಾನದ ಪ್ರಾಣಿ.

ಆದ್ರೆ ವೈದ್ಯರು ಬಲಗಣ್ಣಲ್ಲಿ ಉಳಿದಿರೋದು ಮುಂದಿನ ತಿಂಗಳ ಈಸ್ಟರ್ ದಾಟಿದ್ರೆ ಹೆಚ್ಚು ಅಂದಿದಾರೆ. ಎಷ್ಟು ಉಳಿದಿದೆ ಅಂತ ನಾನೇ ಅಳತೆ ಹಾಕಿ ನೋಡ್ದೆ, ಬಡಗಿ ಅಲ್ವಾ. ಮೇಜಿನ ಈ ಕಡೆ ನಾನು ಕೂತು ಆ ಕಡೆ ಸಿಡೋನೀನ ಕೂರಿಸಿದ್ರೆ ಅವಳ ಮುಖ ಕಾಣ್ಸುತ್ತೆ. ಕಿವಿ ಕಾಣಲ್ಲ, ಮುಖ ಪೂರ್ತಿ ಕಾಣ್ಸುತ್ತೆ. ಒಂದು ಮುಖಕ್ಕಾಗೋವಷ್ಟು ಇದೆ. ನಿನ್ನ ಮುಖ ನೋಡಿ ಹತ್ತು ವರ್ಷ ಆಗ್ತಾ ಬಂತು.

ಸಿಟ್ಟು ಇಳಿದ್ಮೇಲೆ ಕರೆಯೋಣ ಅಂದ್ರೆ ಅಷ್ಟು ದಿನ ನನ್ನ ಹತ್ರ ಇಲ್ಲ. ಸಿಟ್ಟು ಇರೋವಾಗ್ಲೇ ಬಾ.

ಗೊಮ್ಮಾರ್